ಕೊಡಗಿನ ಸರ್ಕಾರಿ ಶಾಲೆಯಲ್ಲಿ ಲೈಬ್ರರಿ ಪುಸ್ತಕಗಳನ್ನು ಮಕ್ಕಳು ಓದುವಂತೆ ಮಾಡೋದು ಹೇಗೆ?

ವಿರಾಜಪೇಟೆ ಕಡೆಯ ಹಿರಿಯ ಪ್ರಾಥಮಿಕ ಶಾಲೆಗೆ ಹೊಸದಾಗಿ ಬಂದಿದ್ದೀರಿ, ಬೀರು ತುಂಬ ಕಥೆ ಪುಸ್ತಕ ಇವೆ, ಮಕ್ಕಳು ಮಾತ್ರ ಮುಟ್ಟಲ್ಲ ಅಂತ ಬರೆದಿದ್ದೀರಿ. ನಾನೂ ಕೊಡಗಿನಲ್ಲೇ ಪ್ರಾಥಮಿಕ ಶಾಲಾ ಶಿಕ್ಷಕಿ, ನಮ್ಮ ಶಾಲೆಯ ಲೈಬ್ರರಿ ನೋಡಿಕೊಳ್ಳೋದೂ ನಾನೇ. ನಾನು ಕಂಡ ಹಾಗೆ ಮಕ್ಕಳಿಗೆ ಆಸೆ ಇಲ್ಲದೆ ಇಲ್ಲ. ಪುಸ್ತಕ ಕಳೆದುಹೋದರೆ ಯಾರು ಉತ್ತರ ಕೊಡೋದು ಅನ್ನೋ ನಮ್ಮ ಭಯವೇ ಮೊದಲ ಅಡ್ಡಿ.

ದಾಸ್ತಾನು ವಹಿಯಲ್ಲಿ ಹತ್ತಿದ ಪುಸ್ತಕ, ಚಾರ್ಜ್ ಕೊಡುವ ದಿನ, ಅಂದರೆ ಜವಾಬ್ದಾರಿಯನ್ನು ಇನ್ನೊಬ್ಬರಿಗೆ ಒಪ್ಪಿಸುವ ದಿನ, ಲೆಕ್ಕಕ್ಕೆ ಸಿಗಬೇಕು, ಅದಕ್ಕೇ ಬೀಗ. ಆದರೆ ನಮ್ಮೂರಿನ ಮಳೆಗಾಲದಲ್ಲಿ ಬೀರುವಿನೊಳಗೆ ಪುಸ್ತಕ ಉಳಿಯುತ್ತಾ? ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೂಷ್ಟು ಹಿಡಿದು ಹಾಳೆ ಹಾಳೆ ಅಂಟಿಕೊಳ್ಳುತ್ತೆ, ಉಳಿದದ್ದನ್ನು ಬೆಳ್ಳಿಮೀನು ಹುಳ ತಿನ್ನುತ್ತೆ. ಮಕ್ಕಳ ಕೈಯಲ್ಲಿ ಹರಿಯುವುದಕ್ಕಿಂತ ಹೆಚ್ಚು ಪುಸ್ತಕ ಬೀಗದೊಳಗೇ ಹಾಳಾಗೋದನ್ನು ನಾನು ನೋಡಿದ್ದೇನೆ. ಹಾಗಾಗಿ ಮೊದಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ವಿಷಯ ಇಡಿ. ಪುಸ್ತಕ ಮನೆಗೆ ಹೋಗುತ್ತೆ. ಹರಿದರೆ, ನೆನೆದರೆ, ಕಳೆದರೆ ಮಗುವಿನಿಂದ ದುಡ್ಡು ಕೇಳೋದಿಲ್ಲ ಅಂತ ಠರಾವು ಬರೆಸಿ, ಮುಖ್ಯ ಶಿಕ್ಷಕರ ಸಹಿ ಹಾಕಿಸಿ. ಯಾರಾದರೂ ತಕರಾರು ಮಾಡಿದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೋರಿಸಿ. ಪ್ರತಿ ಶಾಲೆಯಲ್ಲೂ ಪತ್ರಿಕೆ, ಕಥೆ ಪುಸ್ತಕ ಒದಗಿಸುವ ಗ್ರಂಥಾಲಯ ಇರಬೇಕು ಅಂತ ಅದರಲ್ಲೇ ಇದೆ.

ಇನ್ನು ಭಾಷೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಿಮ್ಮ ತರಗತಿಯಲ್ಲಿ ಮನೆಮಾತು ಕನ್ನಡವಾಗಿರೋ ಮಕ್ಕಳು ಎಷ್ಟಿದ್ದಾರೆ ನೋಡಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ತಮಿಳು, ಯರವ ಮಾತು, ಈಗೀಗ ತೋಟದ ಕೆಲಸಗಾರರು ಇರುವ ಲೈನ್‌ಮನೆಗಳಲ್ಲಿ ಅಸ್ಸಾಮಿ, ಬಂಗಾಳಿ ಕೂಡ. ಆ ಮಗುವಿಗೆ ಕನ್ನಡ ಪುಸ್ತಕ ಕೊಟ್ಟು 'ಓದು' ಅಂದರೆ ಹೆದರುತ್ತೆ. ಮೊದಲು ನೀವು ಓದಿ ಹೇಳಿ, ದಿನಾ ಹದಿನೈದು ನಿಮಿಷ ಸಾಕು. ಚಿತ್ರ ತೋರಿಸಿ, ಅವರು ಯಾವ ಭಾಷೆಯಲ್ಲಿ ಉತ್ತರ ಕೊಟ್ಟರೂ ತಗೊಳ್ಳಿ. ತಿದ್ದಬೇಡಿ.

ಒಮ್ಮೆ ಮೂರನೇ ತರಗತಿಗೆ ಆನೆಯ ಕಥೆ ಓದುತ್ತಿದ್ದೆ. ಸಿದ್ದಾಪುರ ಕಡೆಯ ತೋಟದ ಲೈನಿನಿಂದ ಬರುವ ಹುಡುಗ, ತರಗತಿಯಲ್ಲಿ ಬಾಯೇ ಬಿಡದವನು, ಎದ್ದು ಬಂದು ಚಿತ್ರದ ಮೇಲೆ ಬೆರಳಿಟ್ಟ. "ಟೀಚರ್, ಇದು ತಪ್ಪು. ಅಮ್ಮ ಆನೆಗೆ ದಂತ ಇರಲ್ಲ." ನಿಜವೇ, ನಮ್ಮ ಕಾಡಿನ ಹೆಣ್ಣಾನೆಗೆ ಹೊರಗೆ ಕಾಣುವಂಥ ದಂತ ಇರೋದಿಲ್ಲ. ಚಿತ್ರ ಬಿಡಿಸಿದವರಿಗೆ ಗೊತ್ತಿರಲಿಲ್ಲ, ತೋಟದಲ್ಲಿ ಆನೆ ದಾಟೋದನ್ನು ನೋಡಿ ಬೆಳೆದ ಅವನಿಗೆ ಗೊತ್ತಿತ್ತು. ಆ ಪುಸ್ತಕವನ್ನು ಅವನಿಗೇ ಕೊಟ್ಟು ಕಳಿಸಿದೆ. ಬೇರೆ ಪುಸ್ತಕಗಳಲ್ಲೂ ತಪ್ಪು ಹುಡುಕೋಕೆ ಶುರು ಮಾಡಿದ, ಹುಡುಕಬೇಕಾದರೆ ಓದಲೇಬೇಕಲ್ಲ! ಮಕ್ಕಳಿಗೆ ಗೊತ್ತಿರುವ ಲೋಕ ಪುಸ್ತಕದಲ್ಲಿ ಸಿಕ್ಕರೆ ಅರ್ಧ ಕೆಲಸ ಆದಂತೆ. ಕಾಡು, ಮಳೆ, ಹೊಳೆ, ಜಿಗಣೆ, ನಾಯಿ, ಅಜ್ಜಿ ಇರೋ ಪುಸ್ತಕಗಳನ್ನು ಮೊದಲು ಆರಿಸಿ.

ಒತ್ತಕ್ಷರ ಇನ್ನೊಂದು ಗೋಡೆ. ಚಿಕ್ಕ ತರಗತಿಗಳಲ್ಲಿ ಚಟುವಟಿಕೆ ಮೂಲಕ ಕಲಿಸುವ ನಲಿ-ಕಲಿಯ ಕಾರ್ಡು ಸಲೀಸಾಗಿ ಓದುವ ಮಗು ಕೂಡ ಒತ್ತಕ್ಷರ ತುಂಬಿದ ಪುಟ ನೋಡಿದ ಕೂಡಲೇ ಪುಸ್ತಕ ಮುಚ್ಚಿಬಿಡುತ್ತೆ. ಬೀರುವಿನ ಪುಸ್ತಕಗಳನ್ನು ನೆಲದ ಮೇಲೆ ಹರಡಿ, ಪುಟಕ್ಕೆ ಒಂದೆರಡು ಸಾಲು ಇರೋದು, ಒತ್ತಕ್ಷರ ಕಡಿಮೆ ಇರೋದು ಬೇರೆ ಮಾಡಿ. ಐದನೇ ತರಗತಿಯ ಮಗು ಬಂದು ಇದರಲ್ಲೇ ಒಂದನ್ನು ಎತ್ತಿಕೊಂಡರೆ 'ಇದು ಚಿಕ್ಕವರದು' ಅನ್ನಬೇಡಿ. ಸುಲಭದ ಪುಸ್ತಕ ಸಾಲದೇ ಹೋದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ನಾಲ್ಕು ಹಂತಗಳಲ್ಲಿ ಉಚಿತವಾಗಿ ಸಿಗುತ್ತವೆ. ಮುಕ್ತ ಪರವಾನಗಿ ಇರೋದರಿಂದ ಪ್ರಿಂಟ್ ಹಾಕಿಸಿ ಹೊಲಿದುಕೊಳ್ಳಬಹುದು.

ಬಹುಮಾನ ಇಡಬೇಡಿ, ದಯವಿಟ್ಟು. ಯಾರು ಹೆಚ್ಚು ಪುಸ್ತಕ ಓದಿದರು ಅಂತ ಎಣಿಸೋಕೆ ಶುರುವಾದರೆ ಮಕ್ಕಳು ಪುಟ ತಿರುವಿ ಹೆಸರು ಬರೆಸಿಕೊಂಡು ಹೋಗುತ್ತಾರೆ. ಸಾರಾಂಶ ಬರೆಸೋದೂ ಬೇಡ. ಓದಿದ್ದನ್ನು ಗೆಳೆಯನಿಗೆ ಹೇಳಲಿ, ಅಷ್ಟೇ. ಅರ್ಧಕ್ಕೇ ಬಿಟ್ಟು ವಾಪಸ್ ತಂದರೂ ಬೈಯಬೇಡಿ.

ಕೊಡಗಿನಲ್ಲಿ ಕೆಲಸ ಮಾಡುವಾಗ ಇಲ್ಲಿನ ಕಾಲವನ್ನೂ ಲೆಕ್ಕ ಹಾಕಬೇಕು. ಜುಲೈಯಲ್ಲಿ ಮಳೆ ರಜೆ ಯಾವ ದಿನ ಬೇಕಾದರೂ ಬರುತ್ತೆ. ಕರೆಂಟಿಲ್ಲ, ನೆಟ್‌ವರ್ಕಿಲ್ಲ, ಟಿವಿ ಇಲ್ಲ, ಮಕ್ಕಳು ಮನೆಯೊಳಗೇ. ಓದಿಗೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಆ ತಿಂಗಳು ಒಂದರ ಬದಲು ಎರಡು ಪುಸ್ತಕ ಕೊಡಿ, ಸಕ್ಕರೆಯೋ ರಸಗೊಬ್ಬರವೋ ಬಂದ ದಪ್ಪ ಪ್ಲಾಸ್ಟಿಕ್ ಚೀಲ ತೊಳೆದು ಅದರಲ್ಲಿ ಸುತ್ತಿ ಕಳಿಸಿ. ಹುತ್ತರಿ ಹಬ್ಬ ಕಳೆದ ಮೇಲೆ ಕಾಫಿ ಕೊಯ್ಲು. ಆಗ ಕೆಲವು ಮಕ್ಕಳು ಅಪ್ಪ ಅಮ್ಮನ ಜೊತೆ ಬೇರೆ ತೋಟಕ್ಕೆ ಹೋಗಿಬಿಡುತ್ತಾರೆ, ಪುಸ್ತಕವೂ ಅವರ ಜೊತೆ ಹೋಗುತ್ತೆ. ಹೋಗಲಿ. ಅದು ಇನ್ನೊಂದು ಲೈನ್‌ಮನೆಯಲ್ಲಿ ಯಾರ ಕೈಗಾದರೂ ಸಿಗುತ್ತೆ.

ಇನ್ನೊಂದು ಮಾತು, ನಿಮ್ಮ ಗ್ರಾಮ ಪಂಚಾಯಿತಿ ಲೈಬ್ರರಿಗೆ ಒಮ್ಮೆ ಹೋಗಿ ಬನ್ನಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಇದೆ. ಮೇಲ್ವಿಚಾರಕರ ಜೊತೆ ಮಾತಾಡಿ ಇಡೀ ತರಗತಿಯನ್ನು ಒಂದು ಮಧ್ಯಾಹ್ನ ಕರೆದುಕೊಂಡು ಹೋಗಿ, ಕಾರ್ಡು ಮಾಡಿಸಿ. ಬೇಸಿಗೆ ರಜೆಯಲ್ಲಿ ಶಾಲೆ ಮುಚ್ಚಿದ್ದರೂ ಆ ಬಾಗಿಲು ಅವರಿಗೆ ತೆರೆದಿರುತ್ತೆ.