ನಾಯಿಯ ಕೊಬ್ಬಿನಿಂದ ಸ್ಟೆಮ್ ಸೆಲ್ ತೆಗೆಯುವಾಗ ಪೆಲೆಟ್ (ಟ್ಯೂಬಿನ ತಳಕ್ಕಿಳಿದ ಕೋಶಗಳ ಮುದ್ದೆ) ಕೆಂಪಗೆ ಬರುತ್ತದೆ, ಫ್ಲಾಸ್ಕಿಗೆ ಏನೂ ಅಂಟುವುದಿಲ್ಲ. ಎಲ್ಲಿ ತಪ್ಪುತ್ತಿದೆ?

ನೀವು ಬರೆದಿರುವ ವಿವರದಲ್ಲೇ ಅರ್ಧ ಉತ್ತರ ಇದೆ. ಸಾಗರದಲ್ಲಿ ಹೆಣ್ಣುನಾಯಿಗಳ ಸಂತಾನಹರಣ ಶಸ್ತ್ರಚಿಕಿತ್ಸೆಯಲ್ಲಿ ಸಿಗುವ ಕೊಬ್ಬನ್ನು ಐಸ್ ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ತರುತ್ತೀರಿ. ಕೊಲಾಜಿನೇಸ್‌ನಲ್ಲಿ (ಅಂಗಾಂಶದ ನಾರು ಕರಗಿಸಿ ಕೋಶ ಬಿಡಿಸುವ ಕಿಣ್ವ) ಎರಡು ಗಂಟೆ ಬಿಡುತ್ತೀರಿ, ಸೆಂಟ್ರಿಫ್ಯೂಜ್‌ನಲ್ಲಿ 1500 ಆರ್‌ಪಿಎಂನಲ್ಲಿ ತಿರುಗಿಸುತ್ತೀರಿ. ಕೊನೆಗೆ ಸಿಗುವುದು ಕೆಂಪು ಪೆಲೆಟ್, ಅದರ ಜೊತೆ ಲೋಳೆಯಂಥ ಎಳೆ. ಮಾರ್ಗದರ್ಶಕರು ಕೊಲಾಜಿನೇಸ್ ಕೆಟ್ಟಿದೆ ಎನ್ನುತ್ತಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕೆಟ್ಟಿದ್ದರೆ ಕೊಬ್ಬಿನ ತುಂಡುಗಳು ತುಂಡಾಗಿಯೇ ಉಳಿಯುತ್ತಿದ್ದವು, ಲೋಳೆ ಬರುತ್ತಿರಲಿಲ್ಲ. ಆ ಲೋಳೆ ಸತ್ತು ಒಡೆದ ಕೋಶಗಳಿಂದ ಹೊರಬಿದ್ದ ಡಿಎನ್ಎ. ಅಂದರೆ ಕಿಣ್ವ ಕೆಲಸ ಮಾಡಿದೆ, ಅಗತ್ಯಕ್ಕಿಂತ ಹೆಚ್ಚೇ ಮಾಡಿದೆ.

ಮೊದಲು ಸಾಗಣೆ. ಐಸ್‌ಗೆ ನೇರವಾಗಿ ತಾಗಿದ ಕೊಬ್ಬಿನ ಅಂಚು ಹೆಪ್ಪುಗಟ್ಟುತ್ತದೆ, ಅಲ್ಲಿನ ಕೋಶಗಳು ಒಡೆಯುತ್ತವೆ. ಸ್ಟೆರೈಲ್ ಡಬ್ಬಿಯಲ್ಲಿ ಪಿಬಿಎಸ್ (ಫಾಸ್ಫೇಟ್ ಬೆರೆಸಿದ ಉಪ್ಪುನೀರು) ತುಂಬಿ, ಅದಕ್ಕೆ ಪೆನಿಸಿಲಿನ್-ಸ್ಟ್ರೆಪ್ಟೊಮೈಸಿನ್ ಮಾಮೂಲಿನ ಎರಡರಷ್ಟು ಹಾಕಿ, ಕೊಬ್ಬು ಪೂರ್ತಿ ಮುಳುಗುವಂತೆ ಇಡಿ. ಡಬ್ಬಿಗೂ ಐಸ್ ಪ್ಯಾಕ್‌ಗೂ ನಡುವೆ ದಪ್ಪ ಬಟ್ಟೆ ಇರಲಿ. 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ 24 ಗಂಟೆಯವರೆಗೆ ಇಟ್ಟ ಕೊಬ್ಬಿನಿಂದಲೂ ಕೋಶ ಬರುತ್ತವೆ, ಆದರೆ ಅದೇ ದಿನ ಮಾಡಿದಷ್ಟು ಚೆನ್ನಾಗಿ ಅಲ್ಲ. ಅಂಡಾಶಯದ ಸುತ್ತಲಿನ ಕೊಬ್ಬಿನಲ್ಲಿ ರಕ್ತನಾಳ ಹೆಚ್ಚು. ಕಣ್ಣಿಗೆ ಕಾಣುವ ನಾಳ, ನಾರು, ರಕ್ತ ಹೆಪ್ಪುಗಟ್ಟಿದ ಭಾಗವನ್ನೆಲ್ಲ ಕತ್ತರಿಸಿ ತೆಗೆಯಿರಿ. ನಿಮ್ಮ ಪೆಲೆಟ್ ಕೆಂಪಾಗಲು ಮುಖ್ಯ ಕಾರಣ ಇದನ್ನು ಬಿಟ್ಟಿರುವುದು, ಜೊತೆಗೆ ಸಾಕಷ್ಟು ತೊಳೆಯದಿರುವುದು. 10 ಗ್ರಾಂ ಕೊಬ್ಬಿಗೆ ಪ್ರತಿ ಸಲ 10ರಿಂದ 20 ಮಿಲಿ ಪಿಬಿಎಸ್, ಕೆಳಗಿನ ನೀರು ತಿಳಿಯಾಗುವವರೆಗೆ. ಮೂರು ಸಲ ಸಾಕು ಎಂದು ಪ್ರೋಟೋಕಾಲ್‌ನಲ್ಲಿ ಬರೆದಿದ್ದರೂ ನೀರು ಕೆಂಪಗಿದ್ದರೆ ನಾಲ್ಕನೆಯದೂ ಬೇಕು, ಐದನೆಯದೂ ಬೇಕು. ಸ್ಥಳೀಯ ಅರಿವಳಿಕೆಗೆ ಲಿಗ್ನೊಕೇನ್ ಕೊಟ್ಟಿದ್ದರೆ ಅದೂ ಕೋಶಗಳಿಗೆ ವಿಷವೇ, ತೊಳೆದೇ ಹೋಗಬೇಕು.

ಹೆಚ್ಚುವ ಕೆಲಸಕ್ಕೆ ಪೆಟ್ರಿ ಡಿಶ್‌ನಲ್ಲಿ ಎರಡು ಸ್ಕಾಲ್‌ಪೆಲ್ ಬ್ಲೇಡ್ ಸಾಕು. ತುಂಡು 1ರಿಂದ 2 ಮಿಲಿಮೀಟರ್‌ಗಿಂತ ದೊಡ್ಡದಾಗದಿರಲಿ. ಹಾಗೆಂದು ಅರೆದು ಪೇಸ್ಟ್ ಮಾಡಬೇಡಿ. ಅರೆದರೆ ಎಣ್ಣೆ ಬಿಡುತ್ತದೆ, ಎಣ್ಣೆಯ ಜೊತೆ ಕೋಶಗಳೂ ಹೋಗುತ್ತವೆ.

ಇನ್ನು ಕಿಣ್ವ. ಟೈಪ್ 1 ಕೊಲಾಜಿನೇಸ್ 0.1% ಎಂದರೆ ಮಿಲಿಗೆ 1 ಮಿಲಿಗ್ರಾಂ. 10 ಗ್ರಾಂ ಕೊಬ್ಬಿಗೆ 10 ಮಿಲಿ ದ್ರಾವಣ, 1% ಬಿಎಸ್ಎ (ದನದ ರಕ್ತದ ಪ್ರೋಟೀನ್) ಸೇರಿಸಿ. ಆಗಷ್ಟೇ ಕರಗಿಸಿ, 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ ಬಳಸಿ. ತೂಕಕ್ಕಿಂತ ಬಾಟಲಿಯ ಮೇಲಿನ ಯೂನಿಟ್ (ಕಿಣ್ವದ ಶಕ್ತಿಯ ಅಳತೆ) ಮುಖ್ಯ, ಒಂದೊಂದು ಲಾಟ್‌ನಲ್ಲಿ ಮಿಲಿಗ್ರಾಂಗೆ ಒಂದೊಂದು ಯೂನಿಟ್ ಇರುತ್ತದೆ. ಹೊಸ ಬಾಟಲಿ ಒಡೆದಾಗೆಲ್ಲ 2 ಗ್ರಾಂ ಕೊಬ್ಬಿನಲ್ಲಿ ಮೊದಲು ಪರೀಕ್ಷೆ ಮಾಡಿ. ಈ ಕಿಣ್ವಕ್ಕೆ ಕ್ಯಾಲ್ಸಿಯಂ ಇಲ್ಲದಿದ್ದರೆ ನಡೆಯುವುದಿಲ್ಲ. ತೊಳೆಯುವ ಪಿಬಿಎಸ್‌ಗೆ ಇಡಿಟಿಎ (ಕ್ಯಾಲ್ಸಿಯಂ ಹಿಡಿದಿಡುವ ರಾಸಾಯನಿಕ) ಬೆರೆಸಿದ್ದರೆ ಅದನ್ನು ಪೂರ್ತಿ ತೆಗೆಯಿರಿ, ಕ್ಯಾಲ್ಸಿಯಂ ಇರುವ ಹ್ಯಾಂಕ್ಸ್ ದ್ರಾವಣದಲ್ಲಿ ಕಿಣ್ವ ಕರಗಿಸಿ.

37 ಡಿಗ್ರಿಯಲ್ಲಿ, ಅಲುಗಾಡಿಸುತ್ತ, 30 ನಿಮಿಷ. ಅಲ್ಲಿಂದ ಮುಂದೆ ಗಡಿಯಾರ ಬಿಟ್ಟು ಟ್ಯೂಬ್ ನೋಡಿ: ಪ್ರತಿ 5 ನಿಮಿಷಕ್ಕೆ ಒಮ್ಮೆ ಎತ್ತಿ ಬೆಳಕಿಗೆ ಹಿಡಿಯಿರಿ, ತುಂಡುಗಳು ಕರಗಿ ತೆಳು ಗಂಜಿಯ ಹದಕ್ಕೆ ಬಂದ ಕೂಡಲೇ ನಿಲ್ಲಿಸಿ. 60 ನಿಮಿಷ ದಾಟಬೇಡಿ, ಎರಡು ಗಂಟೆಯಂತೂ ಬೇಡವೇ ಬೇಡ. ಚೂರುಪಾರು ನಾರು ಉಳಿದರೆ ಉಳಿಯಲಿ, ಅದಕ್ಕೆ ಫಿಲ್ಟರ್ ಇದೆ. ನಿಲ್ಲಿಸುವುದೆಂದರೆ ಅಷ್ಟೇ ಪ್ರಮಾಣದ, 10% ಎಫ್‌ಬಿಎಸ್ (ಕರುವಿನ ಭ್ರೂಣದ ಸೀರಂ) ಇರುವ ಡಿಎಂಇಎಂ (ಕೋಶ ಬೆಳೆಸುವ ಮೀಡಿಯಂ) ಸುರಿಯುವುದು. ಲೋಳೆ ಕಂಡರೆ ಸ್ವಲ್ಪ ಡಿಎನ್ಏಸ್ 1 (ಡಿಎನ್ಎ ಕತ್ತರಿಸುವ ಕಿಣ್ವ) ಸೇರಿಸಿ. ಪಿಪೆಟ್‌ನಲ್ಲಿ ಎಳೆದಾಡಿ ಬಿಡಿಸಲು ಹೋದರೆ ಉಳಿದ ಕೋಶಗಳೂ ಒಡೆಯುತ್ತವೆ.

ಸೆಂಟ್ರಿಫ್ಯೂಜ್ ವಿಷಯ. "1500 ಆರ್‌ಪಿಎಂ" ಎಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಬೇಕಾದದ್ದು 300ರಿಂದ 400 ಜಿ, ಅಂದರೆ ಭೂಮಿಯ ಗುರುತ್ವದ ಅಷ್ಟು ಪಟ್ಟು ಬಲ. ರೋಟರ್ ತ್ರಿಜ್ಯ 10 ಸೆಂಟಿಮೀಟರ್ ಇದ್ದರೆ 300 ಜಿಗೆ ಸುಮಾರು 1640 ಆರ್‌ಪಿಎಂ, 16 ಸೆಂಟಿಮೀಟರ್ ಇದ್ದರೆ ಸುಮಾರು 1300. ನಿಮ್ಮ ರೋಟರ್ ಅಳೆದು ಲೆಕ್ಕ ಹಾಕಿಕೊಳ್ಳಿ. 10 ನಿಮಿಷ ತಿರುಗಿಸಿದ ಮೇಲೆ ಟ್ಯೂಬನ್ನು ಒಮ್ಮೆ ಜೋರಾಗಿ ಅಲುಗಾಡಿಸಿ ಮತ್ತೆ ತಿರುಗಿಸಿ. ಮೇಲೆ ತೇಲುವ ಕೊಬ್ಬಿನ ಪದರಕ್ಕೆ ಸಿಕ್ಕಿಕೊಂಡ ಕೋಶಗಳು ಆಗ ಕೆಳಗಿಳಿಯುತ್ತವೆ. 1964ರಲ್ಲಿ ಮಾರ್ಟಿನ್ ರಾಡ್‌ಬೆಲ್ ಇಲಿಯ ಕೊಬ್ಬನ್ನು ಕೊಲಾಜಿನೇಸ್‌ನಿಂದ ಬಿಡಿಸಿದ್ದು ಆ ತೇಲುವ ಪದರದ ಕೊಬ್ಬಿನ ಕೋಶಗಳಿಗಾಗಿ. 2001ರಲ್ಲಿ ಪೆಟ್ರಿಷಿಯಾ ಝುಕ್ ಮತ್ತು ಸಂಗಡಿಗರು ಮನುಷ್ಯರ ಕೊಬ್ಬಿನಲ್ಲಿ ತಳಕ್ಕಿಳಿದ ಕೋಶಗಳಿಗೆ ಸ್ಟೆಮ್ ಸೆಲ್ ಗುಣ ಇದೆಯೆಂದು ತೋರಿಸಿದರು. ನಿಮಗೂ ಬೇಕಾದದ್ದು ತಳವೇ. ಎಣ್ಣೆಯನ್ನು ಮೇಲಿನಿಂದ ಹೀರಿ ತೆಗೆಯಿರಿ. ಟ್ಯೂಬ್ ಬಗ್ಗಿಸಿ ಸುರಿದರೆ ಎಣ್ಣೆ ಗೋಡೆಗೆ ಮೆತ್ತಿ ಪೆಲೆಟ್‌ಗೆ ವಾಪಸ್ ಬರುತ್ತದೆ.

ಪೆಲೆಟ್ ಇನ್ನೂ ಕೆಂಪಿದ್ದರೆ ಕೆಂಪು ರಕ್ತಕಣ ಒಡೆಯಲು 160 ಮಿಲಿಮೋಲಾರ್ ಅಮೋನಿಯಂ ಕ್ಲೋರೈಡ್ (100 ಮಿಲಿಗೆ 0.86 ಗ್ರಾಂ), ಕೋಣೆಯ ಉಷ್ಣಾಂಶದಲ್ಲಿ 5ರಿಂದ 10 ನಿಮಿಷ, ಆಮೇಲೆ ಪಿಬಿಎಸ್‌ನಲ್ಲಿ ತೊಳೆದು, 100 ಮೈಕ್ರಾನ್, ನಂತರ 40 ಮೈಕ್ರಾನ್ ಜರಡಿ. ಎಣಿಸುವಾಗ ಟ್ರಿಪಾನ್ ಬ್ಲೂ (ಸತ್ತ ಕೋಶಕ್ಕೆ ಹಿಡಿಯುವ ನೀಲಿ ಬಣ್ಣ) ಒಂದನ್ನೇ ನಂಬಬೇಡಿ. ಉಳಿದ ಕೆಂಪು ರಕ್ತಕಣ, ಎಣ್ಣೆಯ ಹನಿ ಎರಡೂ ಬಣ್ಣ ಹೀರದೆ ಜೀವಂತ ಕೋಶದಂತೆ ಕಾಣುತ್ತವೆ. ನೀವು ಎಣಿಸಿ ಬರೆದ "80 ಲಕ್ಷ ಕೋಶ" ಬಂದದ್ದು ಬಹುಶಃ ಹೀಗೆ. ಬೇರೆ ಒಂದು ಹನಿಯನ್ನು 3% ಅಸಿಟಿಕ್ ಆಮ್ಲದಲ್ಲಿ ಹಾಕಿ ನ್ಯೂಕ್ಲಿಯಸ್ ಇರುವುದನ್ನಷ್ಟೇ ಎಣಿಸಿ. ಟಿ-25 ಫ್ಲಾಸ್ಕಿಗೆ (ತಳ 25 ಚದರ ಸೆಂಟಿಮೀಟರ್) ಅಂಥ 5ರಿಂದ 10 ಲಕ್ಷ ಹಾಕಿ, 5 ಮಿಲಿ ಮೀಡಿಯಂ ಹಾಕಿ, 24ರಿಂದ 48 ಗಂಟೆ ಮುಟ್ಟದೆ ಬಿಡಿ. ಆಮೇಲೆ ತೇಲುವುದನ್ನೆಲ್ಲ ತೊಳೆಯಿರಿ. ಮೂರು-ನಾಲ್ಕನೇ ದಿನಕ್ಕೆ ಕದಿರಿನಾಕಾರದ ಕೋಶಗಳು ಅಲ್ಲಲ್ಲಿ ಗುಂಪಾಗಿ ಕಾಣಬೇಕು. ಫ್ಲಾಸ್ಕಿನ 80% ತುಂಬಿದಾಗ ಟ್ರಿಪ್ಸಿನ್ ಹಾಕಿ ಬಿಡಿಸಿ.

ಪ್ರಬಂಧದಲ್ಲಿ ಆ ಪೆಲೆಟ್ಟನ್ನೇ "ಸ್ಟೆಮ್ ಸೆಲ್" ಎಂದು ಬರೆಯಬೇಡಿ. ಅದರಲ್ಲಿ ರಕ್ತನಾಳದ ಒಳಪದರದ ಕೋಶ, ಬಿಳಿ ರಕ್ತಕಣ, ಪೆರಿಸೈಟ್ (ಕಿರುನಾಳಗಳನ್ನು ಹೊರಗಿನಿಂದ ಸುತ್ತುವ ಕೋಶ) ಎಲ್ಲ ಇರುತ್ತವೆ. ನಿಮಗೆ ಬೇಕಾದವು ಅದರಲ್ಲೊಂದು ಚಿಕ್ಕ ಪಾಲು. ಅಂಟಿ ಬೆಳೆದ ಕೋಶಗಳನ್ನು ಮೂರನೇ ಪ್ಯಾಸೇಜ್‌ನಲ್ಲಿ (ಬಿಡಿಸಿ ಹೊಸ ಫ್ಲಾಸ್ಕಿಗೆ ಹಾಕುವ ಸರದಿ) ಪರೀಕ್ಷೆ ಮಾಡಿ. 2006ರ ಐಎಸ್‌ಸಿಟಿ (ಕೋಶ ಚಿಕಿತ್ಸೆಯ ಅಂತರರಾಷ್ಟ್ರೀಯ ಸಂಘ) ಮಾನದಂಡ ಮನುಷ್ಯರ ಕೋಶಕ್ಕೆ ಬರೆದದ್ದು. ಕೋಶದ ಮೇಲ್ಮೈಯ ಗುರುತುಗಳಾದ ಸಿಡಿ73, ಸಿಡಿ105 ಹುಡುಕಲು ಮನುಷ್ಯರಿಗೆಂದು ತಯಾರಾದ ಆಂಟಿಬಾಡಿ ನಾಯಿಯ ಕೋಶಕ್ಕೆ ಕೂರದೆ ಹೋದರೆ "ನೆಗೆಟಿವ್" ಎಂದು ಬರೆಯುವ ಮೊದಲು ನಾಯಿಗೆ ಹೊಂದುತ್ತದೆಯೇ ಎಂದು ಡೇಟಾಶೀಟ್ ನೋಡಿ. ಕೊಬ್ಬು ಮತ್ತು ಮೂಳೆಯ ಕಡೆ ತಿರುಗಿಸುವ ಮೀಡಿಯಂಗಳಲ್ಲಿ ಡೆಕ್ಸಾಮೆಥಸೋನ್ ಪ್ರಮಾಣ ಬೇರೆ: ಮೊದಲನೆಯದಕ್ಕೆ 1 ಮೈಕ್ರೋಮೋಲಾರ್, ಎರಡನೆಯದಕ್ಕೆ 0.1.

ಮಲೆನಾಡಿನ ಮಳೆಗಾಲಕ್ಕೆ ಮಾತ್ರ ಸೇರುವ ಒಂದು ಕಷ್ಟ ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಲ್ಚರ್ ಕೋಣೆಯೊಳಗೆ ರಟ್ಟಿನ ಪೆಟ್ಟಿಗೆ, ಮರದ ಕಪಾಟು, ಒದ್ದೆ ಕೊಡೆ ಯಾವುದೂ ಬರಬಾರದು. ಇನ್‌ಕ್ಯುಬೇಟರ್‌ನ ನೀರಿನ ತಟ್ಟೆಯನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಒರೆಸಿ ಸ್ಟೆರೈಲ್ ನೀರು ತುಂಬಿ. ಮೊದಲ ಎರಡು ಪ್ಯಾಸೇಜ್‌ಗೆ ಬೂಷ್ಟು ಕೊಲ್ಲುವ ಆಂಫೋಟೆರಿಸಿನ್ ಬಿ ಮಿಲಿಗೆ 2.5 ಮೈಕ್ರೋಗ್ರಾಂ ಹಾಕಬಹುದು, ಆಮೇಲೆ ನಿಲ್ಲಿಸಿ, ಅದೂ ಕೋಶಗಳಿಗೆ ಹಿತವಲ್ಲ. ಕರೆಂಟ್ ಹೋಗಿ ಮೀಡಿಯಂ ಕೆಂಪಿನಿಂದ ಕಡುಗುಲಾಬಿಗೆ, ನೇರಳೆಗೆ ತಿರುಗಿದರೆ ಕಾರ್ಬನ್ ಡೈಆಕ್ಸೈಡ್ ಇಳಿದಿದೆ ಎಂದರ್ಥ. 25 ಮಿಲಿಮೋಲಾರ್ ಹೆಪೆಸ್ (ಆಮ್ಲ-ಕ್ಷಾರದ ಹದ ಕಾಯುವ ರಾಸಾಯನಿಕ) ಇರುವ ಮೀಡಿಯಂ ಕೆಲವು ಗಂಟೆ ತಡೆಯುತ್ತದೆ.

ಕೊನೆಯದಾಗಿ, ನಾಯಿಯ ಮಾಲೀಕರ ಲಿಖಿತ ಒಪ್ಪಿಗೆ, ನಿಮ್ಮ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಅನುಮತಿ ಎರಡೂ ಕೊಬ್ಬು ತರುವ ಮುಂಚೆ ಕೈಯಲ್ಲಿರಲಿ. ಎಸೆಯುವ ಕೊಬ್ಬು ಹಳದಿ ಚೀಲಕ್ಕೆ, ಪಿಪೆಟ್ ತುದಿ, ಫ್ಲಾಸ್ಕ್ ಕೆಂಪು ಚೀಲಕ್ಕೆ.