ಮಜ್ಜಿಗೆ ಹುಳಿಯಲ್ಲಿ ಮೊಸರಿನ ಬ್ಯಾಕ್ಟೀರಿಯಾ ಉಳಿಯಲ್ಲ

ಆಂಟಿಬಯೋಟಿಕ್ ಮುಗಿದ ಮೇಲೂ ಹೊಟ್ಟೆ ಸರಿಯಿಲ್ಲ, ಮನಸ್ಸೂ ಮಂಕು, ದಿನಾ ಮಜ್ಜಿಗೆ ಹುಳಿ ತಿಂದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಕುದಿಸಿದರೆ ಮೊಸರಿನ ಬ್ಯಾಕ್ಟೀರಿಯಾ ಸಾಯುತ್ತವೆ. ಅನ್ನ ಕೈಗೆ ಉಗುರುಬೆಚ್ಚಗೆ ತಾಗುವಷ್ಟು ಆರಿದ ಮೇಲೆ ಮೊಸರು ಕಲಸಿ, ಒಗ್ಗರಣೆಯನ್ನೂ ಆರಿಸಿ ಹಾಕಿ.

ಆದರೂ ಮೊಸರಿನವು ಕರುಳಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ಅಲ್ಲೇ ಬೀಡುಬಿಟ್ಟಿರುವವಕ್ಕೆ ನಾರು ಬೇಕು: ಹುರುಳಿ, ಹೆಸರುಕಾಳು, ಬಾಳೆದಿಂಡು, ಸೊಪ್ಪು. ನಾರನ್ನು ಹುದುಗಿಸಿ ಅವು ಮಾಡುವ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲವೇ ದೊಡ್ಡ ಕರುಳಿನ ಒಳಪದರಕ್ಕೆ ಆಹಾರ. ಒಮ್ಮೆಲೇ ಹೆಚ್ಚಿಸಿದರೆ ಗ್ಯಾಸ್ ಆಗುತ್ತೆ. ಮೊದಲ ವಾರ ದಿನಕ್ಕೆ ಎರಡು ಚಮಚ ಬೆಂದ ಕಾಳು ಸಾಕು.

ಇನ್ನು ಮನಸ್ಸಿನ ಮಂಕು: ಮನಸ್ಥಿತಿಗೆ ಸಂಬಂಧಿಸಿದ ಸೆರೊಟೋನಿನ್ ಎಂಬ ರಾಸಾಯನಿಕ ಶೇ 90ರಷ್ಟು ಕರುಳಲ್ಲೇ ತಯಾರಾಗುವುದು ನಿಜ, ಆದರೆ ಅದು ಮಿದುಳಿಗೆ ದಾಟುವುದಿಲ್ಲ. ಕರುಳಿನ ಸುದ್ದಿ ಮಿದುಳಿಗೆ ಮುಟ್ಟಿಸುವ ಮುಖ್ಯ ದಾರಿ ಇವೆರಡನ್ನೂ ಜೋಡಿಸುವ ವೇಗಸ್ ನರ. ಮಂಕು ಎರಡು ವಾರ ಮೀರಿದರೆ ಮೊಸರು ನಂಬಿ ಕೂರಬೇಡಿ, ವೈದ್ಯರನ್ನು ನೋಡಿ. ನೀರುಭೇದಿ ಇದ್ದರಂತೂ ಇವತ್ತೇ ಹೋಗಿ.