ವ್ಯಾಯಾಮ ಆರಂಭಿಸಿ ಮೂರು ವಾರವಾದರೂ ತೂಕ ಇಳಿಯದಿರುವುದೇಕೆ?

ತೀರ್ಥಹಳ್ಳಿಯ ಹತ್ತಿರ ವಾಸವಾಗಿರುವ ನೀವು, ವಾರಕ್ಕೆ ಆರು ದಿನ ಒಂದೊಂದು ಗಂಟೆ ಗುಡ್ಡದ ದಾರಿಯಲ್ಲಿ ಬಿರುಸಾಗಿ ನಡೆದು, ಜೊತೆಗೆ ಬಸ್ಕಿಯನ್ನೂ ಹೊಡೆಯುತ್ತಿದ್ದೀರಿ. ಮೂರು ವಾರ ಕಳೆದರೂ ತೂಕ ಇಳಿದಿಲ್ಲ, ಇದನ್ನು ಮುಂದುವರಿಸಬೇಕೇ ಎಂದು ಕೇಳಿದ್ದೀರಿ. ಶಿವಮೊಗ್ಗದಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಿರುವ ನಾನು ಹೇಳುವುದಿಷ್ಟು: ದಯವಿಟ್ಟು ಈ ಹಂತದಲ್ಲಿ ಬಿಡಬೇಡಿ. ಕೊಬ್ಬು ಕರಗುತ್ತಿರುವ ಸಾಧ್ಯತೆಯೇ ಹೆಚ್ಚು, ಅದನ್ನು ನೀರಿನ ತೂಕ ಮರೆಮಾಡುತ್ತಿದೆ.

ಹೊಸದಾಗಿ ದುಡಿಯಲಾರಂಭಿಸಿದ ಸ್ನಾಯುಗಳು ಮುಂದಿನ ದಿನದ ಕೆಲಸಕ್ಕೆಂದು ಗ್ಲೈಕೋಜನ್ ಎಂಬ ರೂಪದಲ್ಲಿ ಸಕ್ಕರೆಯನ್ನು ಮೊದಲಿಗಿಂತ ಹೆಚ್ಚಾಗಿ ಕೂಡಿಟ್ಟುಕೊಳ್ಳುತ್ತವೆ, ಮತ್ತು ಅದರ ಪ್ರತಿ ಗ್ರಾಮಿನೊಂದಿಗೆ ಸುಮಾರು 3 ಗ್ರಾಂ ನೀರು ಸೇರಿಕೊಳ್ಳುತ್ತದೆ. ಇದರ ಜೊತೆಗೆ ಮೊದಲ ಒಂದೆರಡು ವಾರಗಳಲ್ಲಿ ರಕ್ತದ ದ್ರವಾಂಶವೂ ಹೆಚ್ಚುತ್ತದೆ. ಇದು ದೇಹ ಶ್ರಮಕ್ಕೆ ಹೊಂದಿಕೊಳ್ಳುತ್ತಿರುವ ಒಳ್ಳೆಯ ಲಕ್ಷಣ.

ಮಲೆನಾಡಿನಲ್ಲಿ ನಡೆಯುವವರಿಗೆ ಇನ್ನೊಂದು ಕಾರಣವೂ ಇದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಏರು ಹತ್ತುವಾಗ ಏದುಸಿರು ಬರುವುದರಿಂದ ಅದೇ ಕಷ್ಟದ ಭಾಗವೆಂದು ತಿಳಿಯುತ್ತೇವೆ; ಆದರೆ ಸ್ನಾಯುವಿಗೆ ಹೆಚ್ಚು ಪೆಟ್ಟು ಬೀಳುವುದು ಇಳಿಜಾರಿನಲ್ಲಿ, ಏಕೆಂದರೆ ಅಲ್ಲಿ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಇಡೀ ದೇಹದ ಭಾರವನ್ನು ತಡೆದು ಹಿಡಿಯಬೇಕಾಗುತ್ತದೆ. ಬಸ್ಕಿಯಲ್ಲಿ ಕೆಳಗೆ ಕೂರುವಾಗಲೂ ಹೀಗೆಯೇ. ಆಗ ಎಳೆಗಳಲ್ಲಿ ಆಗುವ ಸೂಕ್ಷ್ಮ ಗಾಯಗಳನ್ನು ದೇಹ ದುರಸ್ತಿ ಮಾಡುವಾಗ ಅಲ್ಲಿ ನೀರು ತುಂಬಿಕೊಳ್ಳುತ್ತದೆ. ಕುಂದಾದ್ರಿಯಂತಹ ಬೆಟ್ಟವನ್ನು ಇಳಿದು ಬಂದ ಒಂದರಿಂದ ಮೂರು ದಿನಗಳೊಳಗೆ ತೊಡೆ ಹಿಡಿದುಕೊಂಡು ನೋಯುವುದು ಇದೇ ಕಾರಣಕ್ಕೆ.

ಈಗ ಲೆಕ್ಕ ನೋಡೋಣ. ಒಂದು ಗಂಟೆಯ ಬಿರುಸಿನ ನಡಿಗೆಗೆ ಸುಮಾರು 250 ಕ್ಯಾಲೊರಿ ಖರ್ಚಾಗುತ್ತದೆ ಎಂದಿಟ್ಟುಕೊಂಡರೆ, ವಾರಕ್ಕೆ 1,500 ಆಯಿತು. ಒಂದು ಕಿಲೊ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುವುದರಿಂದ ಮೂರು ವಾರಕ್ಕೆ ಕರಗುವುದು ಹೆಚ್ಚೆಂದರೆ 600 ಗ್ರಾಂ. ಇತ್ತ ಗ್ಲೈಕೋಜನ್ 100 ಗ್ರಾಂ ಹೆಚ್ಚಿದರೂ ನೀರೂ ಸೇರಿ 400 ಗ್ರಾಂ ಆಗುತ್ತದೆ, ಸ್ನಾಯುಗಳ ದುರಸ್ತಿಯ ನೀರು ಬೇರೆ. ಮುಳ್ಳು ಕದಲದಿರುವುದರಲ್ಲಿ ಆಶ್ಚರ್ಯವೇನಿದೆ?

ಊಟದ ವಿಷಯವನ್ನೂ ಹೇಳಲೇಬೇಕು. ನಡೆದು ಬಂದ ಹಸಿವಿಗೆ ಅಕ್ಕಿ ರೊಟ್ಟಿ ಒಂದು ಹೆಚ್ಚಾಗುತ್ತದೆ, ಸಂಜೆ ಚಹಾದ ಜೊತೆ ಎಣ್ಣೆಯಲ್ಲಿ ಕರಿದ ಹಲಸಿನಕಾಯಿ ಚಿಪ್ಸ್ ಎರಡು ಹಿಡಿ ಹೋಗುತ್ತದೆ, ಅಲ್ಲಿಗೆ ಬೆಳಗಿನ ನಡಿಗೆಯ ಲಾಭವೆಲ್ಲ ತೀರಿತು. ಅಪ್ಪೆಮಿಡಿ ಉಪ್ಪಿನಕಾಯಿ ಕೊಬ್ಬು ಹೆಚ್ಚಿಸುವುದಿಲ್ಲ, ಆದರೆ ಅದರ ಉಪ್ಪು ಒಂದೆರಡು ದಿನ ನೀರನ್ನು ಹಿಡಿದಿಡುತ್ತದೆ. ಹೆಂಗಸರಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿಯೂ ಇಂತಹ ಏರಿಕೆ ಸಹಜ.

ಆದ್ದರಿಂದ ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಏನನ್ನೂ ತಿನ್ನದೆ ಕುಡಿಯದೆ ತೂಕ ನೋಡಿ ಬರೆದಿಡಿ. ಒಂದೊಂದು ದಿನದ ಅಂಕಿಯನ್ನು ಬಿಟ್ಟು ವಾರದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಯೊಂದಿಗೆ ಹೋಲಿಸಿ. ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆಯನ್ನು ವಾರಕ್ಕೊಮ್ಮೆ ಟೇಪಿನಿಂದ ಅಳೆಯಿರಿ, ನನಗೆ ತೂಕಕ್ಕಿಂತ ಅದರ ಮೇಲೆಯೇ ಹೆಚ್ಚು ನಂಬಿಕೆ. ಆರು ವಾರ ದಾಟಿದ ಮೇಲೂ ಎರಡೂ ಕದಲದಿದ್ದರೆ ನಡಿಗೆಯನ್ನು ಹಾಗೆಯೇ ಇಟ್ಟುಕೊಂಡು ತಟ್ಟೆಯಲ್ಲಿನ ಅನ್ನ ಮತ್ತು ಕರಿದ ತಿಂಡಿಯನ್ನು ಕಡಿಮೆ ಮಾಡಿ. ಪಾದ ಊದಿಕೊಂಡರೆ, ಉಸಿರು ಕಟ್ಟಿದಂತಾದರೆ ಅಥವಾ ಕೆಲವೇ ದಿನಗಳಲ್ಲಿ ತೂಕ ಎರಡು ಮೂರು ಕಿಲೊ ಏರಿದರೆ ಮಾತ್ರ ಕಾಯದೆ ವೈದ್ಯರಿಗೆ ತೋರಿಸಿ.